ಆ ಜಿಗಿತಗಳನ್ನು ಅಳಿಸಬೇಡಿ

“ಸರ್, ಗ್ರಾಫ್ ಸ್ವಲ್ಪ ಸ್ಮೂತ್ ಮಾಡ್ಕೊಂಡು ಬಂದಿದೀನಿ.” ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಲ್ಯಾಬಿನ ಹುಡುಗರು ತಿಂಗಳುಗಟ್ಟಲೆ ಕಷ್ಟಪಟ್ಟು ಫಿಲ್ಮ್, ಅಂದರೆ ವಸ್ತುವಿನ ತೆಳು ಪದರ, ಬೆಳೆಸಿರುತ್ತಾರೆ. ಉಷ್ಣತೆ ಬದಲಿಸುತ್ತಾ ಅದು ಕರೆಂಟ್‌ಗೆ ಒಡ್ಡುವ ತಡೆಯನ್ನು, ಅಂದರೆ ರೆಸಿಸ್ಟೆನ್ಸನ್ನು, ರಾತ್ರಿಯೆಲ್ಲ ಕೂತು ಅಳೆದಿರುತ್ತಾರೆ. ಕೊನೆಗೆ, ಸ್ಥಿತಿ ಬದಲಾಗುವ ಜಾಗದಲ್ಲಿ ಗೆರೆ ನಡುಗಿತು ಅಂತ ಸಾಫ್ಟ್‌ವೇರ್‌ನಲ್ಲಿ ಅದನ್ನು ಉಜ್ಜಿಬಿಡುತ್ತಾರೆ. ಮೂಲ ಅಂಕಿಗಳಾದರೂ ಇವೆಯಾ ಅಂದರೆ, ಎಷ್ಟೋ ಸಲ ಅವೂ ಇರುವುದಿಲ್ಲ.

ನಾನು ಹೇಳುತ್ತಿರುವುದು ಮ್ಯಾಂಗನೈಟ್‌ಗಳ, ಅಂದರೆ ಮ್ಯಾಂಗನೀಸ್ ಇರುವ ಒಂದು ಜಾತಿಯ ಆಕ್ಸೈಡ್‌ಗಳ ಬಗ್ಗೆ. ಲ್ಯಾಂಥನಂ ಎರಡು ಪಾಲು, ಕ್ಯಾಲ್ಸಿಯಂ ಒಂದು ಪಾಲು ಇರುವ ಮ್ಯಾಂಗನೀಸ್ ಆಕ್ಸೈಡ್ ತಗೊಳ್ಳಿ. ತಣಿಸುತ್ತಾ ಹೋದರೆ ಸುಮಾರು 260 ಕೆಲ್ವಿನ್‌ನಲ್ಲಿ, ಅಂದರೆ ಮನೆಯ ಫ್ರೀಜರ್‌ನ ಚಳಿಯ ಆಸುಪಾಸಿನಲ್ಲಿ, ಅದು ಕಾಂತವಾಗುತ್ತದೆ. ಅದೇ ಹೊತ್ತಿಗೆ ಕರೆಂಟ್ ಸಲೀಸಾಗಿ ಹರಿಯತೊಡಗುತ್ತದೆ. ನೆದರ್ಲೆಂಡ್ಸ್‌ನ ಯೋಂಕರ್ ಮತ್ತು ಫಾನ್ ಸಾಂಟೆನ್ 1950ರಲ್ಲೇ ಈ ಜಾತಿಯ ಆಕ್ಸೈಡ್‌ಗಳ ಬಗ್ಗೆ ಬರೆದಿದ್ದರು. ನಮ್ಮ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ಬಳಗ ಇವುಗಳ ಮೇಲೆ ವರ್ಷಗಟ್ಟಲೆ ದುಡಿದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ. ರಾಯಚೌಧುರಿ ಮತ್ತು ಸಂಗಡಿಗರು ಇವುಗಳ ನಾಯ್ಸನ್ನೇ, ಅಂದರೆ ಗೆರೆಯ ಆ ನಡುಗಾಟವನ್ನೇ, ಅಳೆದಿದ್ದಾರೆ.

ಬಹಳಷ್ಟು ಸ್ಯಾಂಪಲ್‌ಗಳಲ್ಲಿ ಬದಲಾವಣೆ ಒಂದೇ ಏಟಿಗೆ ಆಗುವುದಿಲ್ಲ. ಅಲ್ಲಲ್ಲಿ ಕರೆಂಟ್ ಬಿಡುವ ತುಣುಕುಗಳು, ನಡುವೆ ಬಿಡದ ತುಣುಕುಗಳು. ಮಲೆನಾಡಿನ ಮಳೆಗಾಲ ನೆನಪಿಸಿಕೊಳ್ಳಿ. ಊರು ಸೇರಲು ಇರುವುದು ಎರಡೋ ಮೂರೋ ಸಂಕ. ಒಂದು ಕೊಚ್ಚಿಹೋದರೂ ಊರವರೆಲ್ಲ ಸುತ್ತು ಹಾಕಬೇಕು. ಇಲ್ಲೂ ಹಾಗೇ. ಮುಖ್ಯ ಜಾಗದ ಒಂದು ತುಣುಕು ಸ್ಥಿತಿ ಬದಲಿಸಿದರೆ ಸಾಕು, ಇಡೀ ಫಿಲ್ಮ್‌ನ ರೆಸಿಸ್ಟೆನ್ಸ್ ಜಿಗಿಯುತ್ತದೆ. ಮತ್ತೆ ವಾಪಸ್ ಬರುತ್ತದೆ. ನೀವು ಉಜ್ಜಿ ತೆಗೆದದ್ದು ಇದೇ ಇರಬಹುದು.

“ಜಾಸ್ತಿ ಹೊತ್ತು ಅಳೆದು ಸರಾಸರಿ ತೆಗೆದರೆ ನಾಯ್ಸ್ ಹೋಗುತ್ತೆ ಅಲ್ವಾ ಸರ್?” ಇಲ್ಲ. ಎಲ್ಲ ನಾಯ್ಸ್‌ಗೂ ಆ ಮಾತು ಹೊಂದುವುದಿಲ್ಲ. ಶಾಖದಿಂದ ಬರುವ ನಾಯ್ಸ್ ಬೇರೆ. 1 ಕಿಲೋ ಓಮ್‌ಗೆ, ಕೋಣೆಯ ಉಷ್ಣತೆಯಲ್ಲಿ, 1 ಹರ್ಟ್ಸ್ ಅಗಲದಲ್ಲಿ ಅದು ಸುಮಾರು 4 ನ್ಯಾನೋವೋಲ್ಟ್. ನೂರು ಸಲ ಅಳೆದರೆ ಹತ್ತು ಪಟ್ಟು ಇಳಿಯುತ್ತದೆ. ಆದರೆ ಮ್ಯಾಂಗನೈಟ್‌ನಲ್ಲಿ ಕಾಣುವುದು ಹೆಚ್ಚಾಗಿ ಒನ್-ಬೈ-ಎಫ್ (1/f) ನಾಯ್ಸ್, ಅಂದರೆ ಏರಿಳಿತ ನಿಧಾನವಾದಷ್ಟೂ ಜೋರಾಗುವ ನಾಯ್ಸ್. ಅದರಲ್ಲಿ 0.1ರಿಂದ 1 ಹರ್ಟ್ಸ್‌ವರೆಗೆ ಎಷ್ಟಿದೆಯೋ, 0.01ರಿಂದ 0.1ರವರೆಗೂ ಅಷ್ಟೇ ಇರುತ್ತದೆ. ಅದರ ಕೆಳಗೂ ಅಷ್ಟೇ. ಬಾವಿಯ ನೀರಿನ ಮಟ್ಟ ಅಳೆಯುತ್ತೀರಿ ಅನ್ನಿ. ಕೊಡ ಎಳೆದಾಗಿನ ಅಲೆ ಒಂದು ನಿಮಿಷದ ಸರಾಸರಿಯಲ್ಲಿ ಮಾಯ. ದಿನವಿಡೀ ಅಳೆದರೆ ಬೆಳಗಿನ ನೀರು ಸೇದುವಿಕೆ ಒಳಗೆ ಬಂತು. ವರ್ಷವಿಡೀ ಅಳೆದರೆ ಬೇಸಿಗೆ ಮಳೆಗಾಲಗಳೂ ಬಂದವು. ಹೊತ್ತು ಹೆಚ್ಚಿಸಿದಷ್ಟೂ ಇನ್ನೂ ನಿಧಾನದ ಏರಿಳಿತ ಸೇರಿಕೊಳ್ಳುತ್ತದೆ. ಸರಾಸರಿ ಗಟ್ಟಿಯಾಗುವುದೇ ಇಲ್ಲ.

ಹಾಗಂತ ಕಂಡ ಜಿಗಿತವೆಲ್ಲ ಸ್ಯಾಂಪಲ್ಲಿನದು ಅಂತ ನಾನು ಹೇಳುವುದಿಲ್ಲ. ಬದಲಾವಣೆಯ ಜಾಗದಲ್ಲಿ ಒಂದು ಕೆಲ್ವಿನ್‌ಗೆ ರೆಸಿಸ್ಟೆನ್ಸ್ ಶೇ. 10ರಷ್ಟು ಬದಲಾಗುತ್ತಿದ್ದರೆ, 10 ಮಿಲಿಕೆಲ್ವಿನ್ ಅಲುಗಾಟ ಶೇ. 0.1ರ ಸುಳ್ಳು ನಾಯ್ಸ್ ಕೊಡುತ್ತದೆ. ಆದ್ದರಿಂದ ಉಷ್ಣತೆಯನ್ನು ಒಂದೇ ಕಡೆ ನಿಲ್ಲಿಸಿ ಅಳೆಯಿರಿ, ಥರ್ಮಾಮೀಟರಿನ ಅಂಕಿಗಳನ್ನೂ ಜೊತೆಗೇ ಉಳಿಸಿ. ಕರೆಂಟ್ ಅಲುಗಾಡದಂತೆ ಸರಣಿಯಲ್ಲಿ ದೊಡ್ಡ ರೆಸಿಸ್ಟರ್ ಹಾಕಿ. ನಾಯ್ಸ್ ಸ್ಯಾಂಪಲ್ಲಿನ ರೆಸಿಸ್ಟೆನ್ಸ್‌ನದೇ ಆಗಿದ್ದರೆ, ಕರೆಂಟ್ ಎರಡು ಪಟ್ಟು ಮಾಡಿದಾಗ ನಾಯ್ಸ್ ಪವರ್ ನಾಲ್ಕು ಪಟ್ಟಾಗಬೇಕು. ಆಗದಿದ್ದರೆ ಸ್ವಲ್ಪ ನಿಲ್ಲಿ, ಕಾರಣ ಹುಡುಕಿ.

ಒಂದು ಸಲ ಒಬ್ಬ ಹುಡುಗಿ ಬಂದಿದ್ದಳು. ಅವಳ ಗೈಡ್ “ಕಾಂಟ್ಯಾಕ್ಟ್ ಸರಿಯಿಲ್ಲ, ಸಿಲ್ವರ್ ಪೇಸ್ಟ್ ಮತ್ತೆ ಹಾಕು” ಅಂದಿದ್ದರಂತೆ. ತಂತಿಯನ್ನು ಫಿಲ್ಮ್‌ಗೆ ಅಂಟಿಸುವ ಪೇಸ್ಟ್ ಅದು. ಮೂರು ಸಲ ಹಾಕಿದ್ದಳು. ಜಿಗಿತ ಹೋಗಿರಲಿಲ್ಲ. ಪುಣ್ಯಕ್ಕೆ ಮೂಲ ಅಂಕಿಗಳನ್ನೆಲ್ಲ ಇಟ್ಟುಕೊಂಡಿದ್ದಳು. ನೋಡಿದರೆ ವೋಲ್ಟೇಜ್ ಎರಡೇ ಮಟ್ಟಗಳ ನಡುವೆ ಹಾರುತ್ತಿತ್ತು, ಅದೂ ಕೆಲವೇ ಕೆಲ್ವಿನ್‌ಗಳ ಕಿಟಕಿಯಲ್ಲಿ. ಕೋಣೆಯ ಉಷ್ಣತೆಯಲ್ಲಿ ಏನೂ ಇಲ್ಲ. ಕೆಟ್ಟ ಕಾಂಟ್ಯಾಕ್ಟ್ ಸಾಮಾನ್ಯವಾಗಿ ಇಷ್ಟು ಶಿಸ್ತಿನಿಂದ ಇರುವುದಿಲ್ಲ. ಆ ಸಂಜೆ ಉಷ್ಣತೆ ನಿಲ್ಲಿಸಿ, ಕಾಂತಕ್ಷೇತ್ರವನ್ನು ಮೆಲ್ಲಗೆ ಏರಿಸಿದೆವು. ವೋಲ್ಟೇಜ್ ಕೆಳಗಿನ ಮಟ್ಟದಲ್ಲಿ, ಅಂದರೆ ತುಣುಕು ಕಾಂತವಾಗಿ ಕರೆಂಟ್ ಬಿಡುವ ಸ್ಥಿತಿಯಲ್ಲಿ, ನಿಲ್ಲುವ ಹೊತ್ತು ಹೆಚ್ಚುತ್ತಾ ಹೋಯಿತು. ಕ್ಷೇತ್ರ ಇಳಿಸಿದೆವು, ಮತ್ತೆ ಮೊದಲಿನ ಹಾಗೆ ಹಾರತೊಡಗಿತು. ಅವಳು ಪರದೆ ನೋಡುತ್ತಾ, “ಸರ್, ಇನ್ನೊಂದು ಸಲ ಏರಿಸೋಣ” ಅಂದಳು.