ಮೂಗಿನ ಮೇಲಿನ ಚುಕ್ಕಿಗೂ ನಾಗದೋಷಕ್ಕೂ ಸಂಬಂಧ ಇಲ್ಲ

ಹೋದ ಬೇಸಿಗೇಲಿ ಶಿರಸಿ ಹತ್ರ ಒಂದು ಉಪನಯನದಲ್ಲಿ ಅಕ್ಕನ ಮಗಳನ್ನ ನೋಡಿ ನೆಂಟರ ಅಜ್ಜಿ ಒಬ್ರು "ಎಂತ ಆತೇ ಕೂಸೇ ಮೋರೆಗೆ" ಅಂದ್ರು, ಪಕ್ಕದವ್ರು ನಾಗದೋಷ ಇರ್ಬೇಕು ಒಂದ್ಸಲ ಕೇಳ್ಸಿ ಅಂದ್ರು, ಒಂಬತ್ತು ವರ್ಷದ ಹುಡುಗಿ ಊಟದ ಪಂಕ್ತೀಲಿ ತಲೆ ಎತ್ಲೇ ಇಲ್ಲ. ನಂಗೆ ಸಂಕಟ ಆಯ್ತು. ಮೂಗು ಕೆನ್ನೆ ಮೇಲೆ ಸಾಸಿವೆ ಚೆಲ್ಲಿದ ಹಾಗಿರೋ ಆ ಕಂದು ಚುಕ್ಕಿ ಫ್ರೆಕಲ್ಸ್. ನಾವು ಎಲ್ಲದಕ್ಕೂ ಬಂಗು ಅಂದ್ಬಿಡ್ತೀವಿ, ಆದ್ರೆ ಬಂಗು ಬೇರೆ, ಅದು ಹೆಚ್ಚಾಗಿ ದೊಡ್ಡ ಹೆಂಗಸರಿಗೆ, ಬಸುರಿ ಇದ್ದಾಗ ಹಾರ್ಮೋನು ಬಿಸಿಲು ಎರಡೂ ಸೇರಿ ಅಗಲಕ್ಕೆ ಹರಡೋ ಕಪ್ಪು.

ಫ್ರೆಕಲ್ಸ್‌ಗೆ ಕಾರಣ ಆಗೋ ಬಿಸಿಲಿನ ಕಿರಣ ಸಿಕ್ಕಿದ ಕತೆ ನಂಗೆ ಬಹಳ ಇಷ್ಟ. 1800ರಲ್ಲಿ ಹರ್ಷೆಲ್ ಅನ್ನೋ ವಿಜ್ಞಾನಿ ಬಿಸಿಲಿನ ಬಣ್ಣಗಳ ಸಾಲಲ್ಲಿ ಕೆಂಪಿನ ಆಚೆ ಕಾಣದ ಶಾಖ ಇದೆ ಅಂತ ತೋರ್ಸಿದ್ದ, ಅದನ್ನ ಕೇಳಿ ಜರ್ಮನಿಯ ಯೇನಾದಲ್ಲಿ ರಿಟ್ಟರ್ ಅನ್ನೋ ಇನ್ನೊಬ್ಬ ವಿಜ್ಞಾನಿ 1801ರಲ್ಲಿ ನೇರಳೆ ಆಚೆ ಏನಿದೆ ನೋಡೋಣ ಅಂತ ಬೆಳಕು ಬಿದ್ರೆ ಕಪ್ಪಾಗೋ ಸಿಲ್ವರ್ ಕ್ಲೋರೈಡ್ ಹಚ್ಚಿದ ಕಾಗದ ಇಟ್ಟ, ಕಣ್ಣಿಗೆ ಬೆಳಕೇ ಕಾಣದ ಜಾಗದಲ್ಲಿ ಕಾಗದ ಎಲ್ಲಕ್ಕಿಂತ ಬೇಗ ಕಪ್ಪಾಯ್ತು! ಅದೇ ಅಲ್ಟ್ರಾವಯಲೆಟ್.

ಈ ಕಿರಣ ಚರ್ಮದ ಕೋಶದ ಡಿಎನ್ಎ ಕೆಡಿಸುತ್ತೆ. ಪೆಟ್ಟು ತಿಂದ ಕೋಶ ಒಂದು ಹಾರ್ಮೋನ್ ಬಿಡುತ್ತೆ, ಪಕ್ಕದಲ್ಲಿರೋ ಬಣ್ಣ ಮಾಡೋ ಕೋಶ, ಮೆಲನೋಸೈಟ್, ಅದನ್ನ ಹಿಡಿದು ಮೆಲನಿನ್ ಅನ್ನೋ ಬಣ್ಣ ತಯಾರಿಸಿ, ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ತನ್ನ ಉದ್ದ ಕೈಗಳಿಂದ ಸುತ್ತಲಿನ ಸುಮಾರು 36 ಕೋಶಗಳಿಗೆ ಹಂಚುತ್ತೆ. ಆ ಕೋಶ ಪೊಟ್ಟಣಗಳನ್ನ ಎಲ್ಲೆಂದರಲ್ಲಿ ಇಟ್ಕೊಳ್ಳಲ್ಲ, ತನ್ನ ಕೇಂದ್ರದ (ನ್ಯೂಕ್ಲಿಯಸ್) ಮೇಲೆ, ಬಿಸಿಲು ಬರೋ ಕಡೆಗೇ, ಟೋಪಿ ಥರ ಪೇರಿಸುತ್ತೆ. ಗದ್ದೆ ಕೆಲಸದವ್ರು ಮಳೇಲಿ ತಲೆಮೇಲೆ ಕಂಬಳಿಕೊಪ್ಪೆ ಹಾಕ್ಕೊಂಡ ಹಾಗೆ. ಅಥ್ವಾ ಇನ್ನೂ ಸರಿಯಾಗಿ ಹೇಳೋದಾದ್ರೆ ಕೊಳೆರೋಗ ಬರದೇ ಇರ್ಲಿ ಅಂತ ಅಡಿಕೆ ಕೊನೆಗೆ, ಅಂದ್ರೆ ಗೊಂಚಲಿಗೆ, ಕೊಟ್ಟೆಯ ಹೊದಿಕೆ ಕಟ್ತೀವಲ್ಲ, ಇಡೀ ಮರಕ್ಕಲ್ಲ, ಕೊನೆಗೆ ಮಾತ್ರ, ಹಾಗೆ. ಕಾಯ್ಬೇಕಾದ್ದು ಡಿಎನ್ಎ, ಅದಿರೋದು ಕೇಂದ್ರದಲ್ಲಿ.

ಫ್ರೆಕಲ್ ಇರೋ ಕಡೆ ಮೆಲನೋಸೈಟ್ ಜಾಸ್ತಿ ಇರಲ್ಲ, ಇರೋವೇ ಜಾಸ್ತಿ ಬಣ್ಣ ಮಾಡ್ತಾವೆ. ಹಾರ್ಮೋನ್ ಹಿಡಿಯೋ ರಿಸೆಪ್ಟರನ್ನ ಮಾಡೋ ಜೀನ್ ಎಂಸಿ1ಆರ್, 16ನೇ ಕ್ರೋಮೊಸೋಮಿನಲ್ಲಿದೆ, ಅದ್ರಲ್ಲಿ ವ್ಯತ್ಯಾಸ ಇದ್ರೆ ಚರ್ಮ ಒಂದೇ ಸಮ ಕಪ್ಪಾಗೋದ್ರ ಬದ್ಲು ಅಲ್ಲಲ್ಲಿ ಚುಕ್ಕಿ ಬೀಳೋದು ಜಾಸ್ತಿ. ಗೋಕರ್ಣದ ಬೀಚಲ್ಲಿ, ಈ ವ್ಯತ್ಯಾಸ ಹೆಚ್ಚಾಗಿರೋ ಕೆಂಪು ಕೂದಲಿನ ವಿದೇಶೀಯರ ಭುಜ ನೋಡಿದ್ರೆ ಗೊತ್ತಾಗುತ್ತೆ. ಬೇರೆ ಜೀನ್‌ಗಳೂ ಸೇರ್ತಾವೆ, ಮನೇಲಿ ಒಬ್ಬರಿಗಿದ್ರೆ ಇನ್ನೊಬ್ಬರಿಗೂ ಬರೋದು ಅದಕ್ಕೇ. ಹುಟ್ಟುವಾಗ ಇರಲ್ಲ, ಬಿಸಿಲು ತಾಗಿದ್ಮೇಲೇ ಬರೋದು.

ದೋಷ ಅಲ್ಲ ಅಂತ ಒಪ್ಪಿದ್ಮೇಲೂ ಅಕ್ಕ ಯಾರೋ ಕೊಟ್ಟ ಬಿಳಿ ಮಾಡೋ ಕ್ರೀಮ್ ಹಚ್ಚೋಕೆ ಹೊರಟಿದ್ಲು, ನಾನೇ ಜಗಳ ಮಾಡಿ ಬಿಸಾಕ್ಸಿದೆ. ಇಂಥ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇದ್ರೆ ಚರ್ಮ ತೆಳ್ಳಗಾಗುತ್ತೆ, ಮಕ್ಕಳಿಗಂತೂ ಬೇಡವೇ ಬೇಡ. ಟೋಪಿ, ಸನ್‌ಸ್ಕ್ರೀನ್ ಸಾಕು. ಚುಕ್ಕಿ ದೊಡ್ಡದಾಗಿ ಆಕಾರ ಬಣ್ಣ ಬದಲಾದ್ರೆ, ರಕ್ತ ಬಂದ್ರೆ ಮಾತ್ರ ಚರ್ಮದ ಡಾಕ್ಟ್ರ ಹತ್ರ ಹೋಗ್ಬೇಕು, ಅದು ಫ್ರೆಕಲ್ ಅಲ್ದೇ ಇರ್ಬಹುದು.

ಮೇಲಿನ ಚರ್ಮ ಹೆಚ್ಚುಕಮ್ಮಿ ತಿಂಗಳಿಗೊಮ್ಮೆ ಉದುರಿ ಹೊಸದು ಬರುತ್ತೆ, ಮಳೆಗಾಲದಲ್ಲಿ ಬಿಸಿಲು ಕಮ್ಮಿ ಆದಾಗ ಹೊಸ ಬಣ್ಣದ ಆರ್ಡರ್ರೂ ಕಮ್ಮಿ. ಚೌತಿಗೆ ಹೋದಾಗ ಕೂಸು ಕನ್ನಡಿ ಹಿಡ್ಕೊಂಡು ಬಂದು ಎಣಿಸಿ ತೋರಿಸ್ತು, ಮೂಗಿನ ಮೇಲೆ ಹನ್ನೊಂದೇ ಉಳಿದಿದ್ವು.