ಸೋಂಕು ತಗುಲಿದರೂ ಹರಡದ ಹಸು

ಹಸುಗಳಲ್ಲಿ ರಕ್ತದ ಕ್ಯಾನ್ಸರ್ ತರುವ ವೈರಸ್ ಒಂದಿದೆ: ಬೊವೈನ್ ಲುಕೀಮಿಯಾ ವೈರಸ್, ಚುಟುಕಾಗಿ ಬಿಎಲ್‌ವಿ. ಇದಕ್ಕೆ ಚಿಕಿತ್ಸೆಯಿಲ್ಲ, ಮಾರುಕಟ್ಟೆಯಲ್ಲಿ ಲಸಿಕೆಯೂ ಇಲ್ಲ. ಡೆನ್ಮಾರ್ಕ್, ಬ್ರಿಟನ್ ಮೊದಲಾದ ದೇಶಗಳು ಸೋಂಕಿತ ದನಗಳನ್ನು ಹುಡುಕಿ ಹಿಂಡಿನಿಂದ ತೆಗೆದು ಇದನ್ನು ತೊಲಗಿಸಿದವು. ಅಮೆರಿಕಕ್ಕೆ ಆ ದಾರಿ ದುಬಾರಿ. 2007ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಲ್ಲಿನ ನೂರಕ್ಕೆ 83.9ರಷ್ಟು ಡೇರಿಗಳ ಹಾಲಿನ ಟ್ಯಾಂಕಿನಲ್ಲಿ ಈ ವೈರಸ್ ವಿರುದ್ಧದ ಪ್ರತಿಕಾಯ ಸಿಕ್ಕಿತು. ಸೋಂಕು ಇಷ್ಟು ಹಬ್ಬಿದ ಮೇಲೆ ಯಾವ ಹಸುವನ್ನು ಮೊದಲು ತೆಗೆಯಬೇಕು ಎಂಬುದೇ ನಿಜವಾದ ಪ್ರಶ್ನೆ. ಉತ್ತರದ ಒಂದು ಭಾಗ ಹಸುವಿನ 23ನೇ ವರ್ಣತಂತುವಿನಲ್ಲಿದೆ.

ಬಿಎಲ್‌ವಿ ಹೊಕ್ಕುವುದು ಬಿ ಕೋಶ ಎಂಬ ಬಿಳಿ ರಕ್ತಕಣಕ್ಕೆ. ಅದರ ಡಿಎನ್‌ಎಯೊಳಗೆ ತನ್ನ ಪ್ರತಿಯನ್ನು ಸೇರಿಸಿಬಿಡುತ್ತದೆ. ಕೋಶ ಒಡೆದು ಎರಡಾದರೆ ವೈರಸ್ಸಿನ ಪ್ರತಿಯೂ ಎರಡಾಗುತ್ತದೆ. ಒಮ್ಮೆ ಬಂದ ಸೋಂಕು ಹಸು ಸಾಯುವವರೆಗೂ ಹೋಗದು. ಆದರೆ ಸೋಂಕಿತ ಹಸುಗಳಲ್ಲಿ ಸುಮಾರು ನೂರಕ್ಕೆ 70 ಹೊರನೋಟಕ್ಕೆ ಆರೋಗ್ಯವಾಗಿಯೇ ಇರುತ್ತವೆ. ಸುಮಾರು 30ರಲ್ಲಿ ಲಿಂಫೋಸೈಟ್‌ಗಳ (ಬಿ ಕೋಶವೂ ಸೇರಿದ ಬಿಳಿ ರಕ್ತಕಣಗಳ ಗುಂಪು) ಎಣಿಕೆ ಏರಿ ಹಾಗೇ ನಿಲ್ಲುತ್ತದೆ. ಗೆಡ್ಡೆಯಾಗಿ ಸಾಯುವುದು ಐದಕ್ಕಿಂತ ಕಡಿಮೆ, ಅದೂ ಸೋಂಕು ತಗುಲಿ ವರ್ಷಗಳಾದ ಮೇಲೆ.

ಹರಡುವಿಕೆಯ ಲೆಕ್ಕ ಇಲ್ಲೇ ಇದೆ. ಎಣಿಕೆ ಏರಿದ ಹಸುವಿನ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಹತ್ತು ಸಾವಿರ ಲಿಂಫೋಸೈಟ್ ಇವೆ, ಅವುಗಳಲ್ಲಿ ನೂರಕ್ಕೆ 30ರಲ್ಲಿ ವೈರಸ್ ಇದೆ ಎನ್ನಿ: ಕಣ್ಣಿಗೆ ಕಂಡೂ ಕಾಣದಷ್ಟು ರಕ್ತದಲ್ಲಿ ಮೂರು ಸಾವಿರ ಸೋಂಕಿತ ಕೋಶಗಳು. ಪಕ್ಕದ ಹಸುವಿನ ಎಣಿಕೆ ಐದು ಸಾವಿರ, ವೈರಸ್ ಇರುವುದು ಸಾವಿರಕ್ಕೊಂದರಲ್ಲಿ ಎಂದರೆ ಬರೀ ಐದು. ಒಂದೇ ಸೂಜಿಯಲ್ಲಿ ಹಲವಕ್ಕೆ ಚುಚ್ಚಿದಾಗ, ಗರ್ಭ ನೋಡುವ ಉದ್ದ ಕೈಗವಸನ್ನು ಬದಲಿಸದೆ ಮುಂದಿನ ಹಸುವಿಗೆ ಹೋದಾಗ, ಕೊಂಬು ಕೊರೆಯುವ ಉಪಕರಣವನ್ನು ತೊಳೆಯದೆ ಬಳಸಿದಾಗ, ರಕ್ತ ಹೀರುವ ದೊಡ್ಡ ನೊಣ ಅರ್ಧಕ್ಕೆ ಎದ್ದು ಪಕ್ಕದ ಹಸುವಿನ ಮೇಲೆ ಕೂತಾಗ ದಾಟುವುದು ಇಷ್ಟೇ ಇಷ್ಟು ರಕ್ತ. ಅದರಲ್ಲಿ ಮೂರು ಸಾವಿರ ಕೋಶ ಇದೆಯೋ ಐದು ಇದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆ ಸಂಖ್ಯೆಯನ್ನು ಬಹುಮಟ್ಟಿಗೆ ಪ್ರಭಾವಿಸುವ ಜೀನ್ ಡಿಆರ್‌ಬಿ3. ವೈರಸ್ಸಿನ ಪ್ರೋಟೀನ್ ತುಣುಕುಗಳನ್ನು ಹಿಡಿದು ರೋಗನಿರೋಧಕ ಪಡೆಯ ಸಹಾಯಕ ಟಿ ಕೋಶಗಳಿಗೆ ತೋರಿಸುವ ತಟ್ಟೆಯಂಥ ಅಣುವೊಂದರ ಅರ್ಧ ಭಾಗವನ್ನು ಇದು ತಯಾರಿಸುತ್ತದೆ. ಇನ್ನರ್ಧ ಎಲ್ಲ ಹಸುಗಳಲ್ಲೂ ಹೆಚ್ಚುಕಡಿಮೆ ಒಂದೇ. ವೈವಿಧ್ಯವೆಲ್ಲ ಡಿಆರ್‌ಬಿ3ರ ಎರಡನೇ ಎಕ್ಸಾನ್‌ನಲ್ಲಿ (ಪ್ರೋಟೀನಿನ ಮಾಹಿತಿ ಇರುವ ಜೀನ್ ತುಂಡು), ತುಣುಕು ಕೂರುವ ಗುಳಿಯ ಆಕಾರದಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದ ಹ್ಯಾರಿಸ್ ಲೆವಿನ್ ತಂಡ 1993ರಲ್ಲಿ ಈ ಗುಳಿಯ 70 ಮತ್ತು 71ನೇ ಸ್ಥಾನಗಳಲ್ಲಿ ಗ್ಲುಟಾಮಿಕ್ ಆಮ್ಲ, ಅರ್ಜಿನೈನ್ ಎಂಬ ಅಮೈನೋ ಆಮ್ಲಗಳು ಇರುವ ಹಸುಗಳಲ್ಲಿ ಲಿಂಫೋಸೈಟ್ ಏರುವುದು ವಿರಳ ಎಂದು ತೋರಿಸಿತು. ಮುಂದೆ ಅರ್ಜೆಂಟೀನಾದ ಹೋಲ್‌ಸ್ಟೀನ್ ತಳಿಯ ಹಸುಗಳಲ್ಲಿ, ಆಮೇಲೆ ಜಪಾನಿನಲ್ಲಿ, 009:02 ಎಂಬ ಆಲೀಲ್ (ಡಿಆರ್‌ಬಿ3ರ ಒಂದು ರೂಪ) ಇರುವ ಹಸುಗಳ ರಕ್ತದಲ್ಲಿ ವೈರಸ್ ಪ್ರಮಾಣ ತೀರಾ ಕಡಿಮೆ ಎಂದು ಕಂಡಿತು. ಈ ಆಲೀಲಿನ ಎರಡು ಪ್ರತಿ ಬೇಕಿಲ್ಲ, ಒಂದಿದ್ದರೂ ಸಾಕು. ಹೋಲ್‌ಸ್ಟೀನ್‌ಗಳಲ್ಲಿ ಮಾಮೂಲಾಗಿ ಸಿಗುವ 012:01 ಮತ್ತು 015:01 ಇದಕ್ಕೆ ತದ್ವಿರುದ್ಧ: ವೈರಸ್ ಪ್ರಮಾಣ ಹೆಚ್ಚು.

ಹಾಗೆಂದು 009:02 ಇರುವ ಹಸುವಿಗೆ ಸೋಂಕೇ ತಗುಲದು ಎಂದಲ್ಲ. ತಗುಲುತ್ತದೆ, ಪ್ರತಿಕಾಯವೂ ಹುಟ್ಟುತ್ತದೆ. ಆದ್ದರಿಂದಲೇ ಪ್ರತಿಕಾಯ ಪತ್ತೆಹಚ್ಚುವ ಎಲೈಸಾ ಪರೀಕ್ಷೆಯೊಂದನ್ನೇ ನಂಬಿದರೆ ಎಡವಟ್ಟಾಗುತ್ತದೆ. ಮೂರು ಸಾವಿರದ ಹಸು, ಐದರ ಹಸು ಎರಡೂ ಅದರಲ್ಲಿ ಪಾಸಿಟಿವ್. ಪಾಸಿಟಿವ್ ಆದವನ್ನೆಲ್ಲ ಮಾರಿದರೆ ಉಳಿಸಿಕೊಳ್ಳಬೇಕಾದ ವಂಶವೂ ಹೊರಗೆ ಹೋಗುತ್ತದೆ. ಸರಿಯಾದ ಕ್ರಮ ಹೀಗೆ: ಮೊದಲು ಎಲೈಸಾ, ಆದರೆ ಆರು ತಿಂಗಳೊಳಗಿನ ಕರುಗಳಿಗೆ ಬೇಡ, ಗಿಣ್ಣು ಹಾಲಿನ ಮೂಲಕ ತಾಯಿಯಿಂದ ಬಂದ ಪ್ರತಿಕಾಯ ಸುಳ್ಳು ಫಲಿತಾಂಶ ಕೊಡುತ್ತದೆ. ಪಾಸಿಟಿವ್ ಆದವುಗಳ ರಕ್ತದಲ್ಲಿ ಪಿಸಿಆರ್ ಮೂಲಕ ವೈರಸ್ ಪ್ರತಿಗಳ ಎಣಿಕೆ. ಜೊತೆಗೆ ಅದೇ ರಕ್ತದ ಡಿಎನ್‌ಎಯಲ್ಲಿ ಡಿಆರ್‌ಬಿ3ರ ಎರಡನೇ ಎಕ್ಸಾನ್ ಓದುವುದು. ಎಣಿಕೆ ಹೆಚ್ಚಿರುವವು ಮೊದಲು ಹೊರಗೆ. 009:02 ಇದ್ದು ಎಣಿಕೆ ತಗ್ಗಿರುವವನ್ನು ಉಳಿದ ಸೋಂಕಿತ ಹಸುಗಳಿಗೂ ಸೋಂಕಿಲ್ಲದವಕ್ಕೂ ನಡುವೆ ಕಟ್ಟಿದರೆ ನೊಣದ ಹಾರಾಟಕ್ಕೆ ಒಂದು ತಡೆ. ಸೂಜಿ, ಕೈಗವಸು ಹಸುವಿಗೊಂದು ಎಂಬ ನಿಯಮ ಮಾತ್ರ ಎಲ್ಲಕ್ಕೂ ಒಂದೇ. ಜೀನ್ ಚೆನ್ನಾಗಿದೆ ಎಂದು ಅದನ್ನು ಸಡಿಲಿಸುವಂತಿಲ್ಲ.

ಕೃತಕ ಗರ್ಭಧಾರಣೆಯಲ್ಲಿ ಇದನ್ನು ಬೇಗ ಹರಡಬಹುದು. 009:02ರ ಎರಡು ಪ್ರತಿ ಇರುವ ಹೋರಿಯ ಎಲ್ಲ ಕರುಗಳಿಗೂ ಒಂದು ಪ್ರತಿ ಖಚಿತ. ಒಂದೇ ಪ್ರತಿ ಇದ್ದರೆ ಅರ್ಧದಷ್ಟಕ್ಕೆ. ಆದರೆ ಅವಸರ ಒಳ್ಳೆಯದಲ್ಲ. ಡಿಆರ್‌ಬಿ3ರ ನೂರಾರು ರೂಪಗಳು ಉಳಿದಿರುವುದೇ ಒಂದೊಂದು ರೂಪ ಒಂದೊಂದು ರೋಗಾಣುವಿನ ಎದುರು ಕೆಲಸಕ್ಕೆ ಬರುವುದರಿಂದ. ಹಿಂಡಿಗೆಲ್ಲ ಒಂದೇ ರೂಪ ತುಂಬಿದರೆ ಬಿಎಲ್‌ವಿ ತಗ್ಗಿ ಬೇರೊಂದು ರೋಗ ತಲೆಯೆತ್ತಬಹುದು. ತಳಿ ಬದಲಾದರೆ ಪಟ್ಟಿಯೂ ಬದಲಾಗುತ್ತದೆ: ಜಪಾನಿನ ಕಪ್ಪು ಮಾಂಸದ ತಳಿಯಲ್ಲಿ ವೈರಸ್ ಪ್ರಮಾಣ ಏರಿಸುವ ರೂಪ ಎಂದು ಗುರುತಾಗಿರುವುದು 016:01. ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುವಿನಲ್ಲಿ ಒಂದು ಪ್ರತಿ ಹೋಲ್‌ಸ್ಟೀನ್ ಹೋರಿಯದು, ಇನ್ನೊಂದು ನಾಟಿ ತಾಯಿಯದು ಇರಬಹುದು. ಹಾಗಾಗಿ ಹೋಲ್‌ಸ್ಟೀನ್‌ಗೆ ತಯಾರಾದ ಪಟ್ಟಿಯನ್ನು ಹಿಡಿದು ಅದರ ಹಣೆಬರಹ ಹೇಳಲಾಗದು. ವೈರಸ್ ಪ್ರತಿಗಳನ್ನೇ ಎಣಿಸಿ ನೋಡಬೇಕು.