ಸ್ಟೀವ್ ಬ್ಲೂಮರ್: ಮೂವರ ಆಫ್‌ಸೈಡ್ ಕಾಲದ ಗೋಲುಗಾರ

ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಆಟಗಾರ ಸ್ಟೀವ್ ಬ್ಲೂಮರ್ ಹೊಡೆದ ಗೋಲುಗಳೆಷ್ಟು ಎಂದು ಹುಡುಕಿದರೆ 28, 332, 352 ಎಂಬ ಮೂರು ಸಂಖ್ಯೆಗಳು ಸಿಗುತ್ತವೆ. ಮೂರೂ ಸರಿ, ಲೆಕ್ಕ ಹಾಕಿದ ಬಗೆ ಮಾತ್ರ ಬೇರೆ. ಇಂಗ್ಲೆಂಡ್ ತಂಡಕ್ಕಾಗಿ 23 ಪಂದ್ಯಗಳಲ್ಲಿ ಗಳಿಸಿದ್ದು 28. ಡರ್ಬಿ ಕೌಂಟಿ ಕ್ಲಬ್ಬಿನ ಪರವಾಗಿ ಲೀಗ್ ಮತ್ತು ನಾಕ್‌ಔಟ್ ಮಾದರಿಯ ಎಫ್.ಎ. ಕಪ್ ಎರಡನ್ನೂ ಸೇರಿಸಿದರೆ 332. ಡರ್ಬಿ ಹಾಗೂ ಮಿಡಲ್ಸ್‌ಬರೊ ಪರವಾಗಿ ಲೀಗ್ ಪಂದ್ಯಗಳಲ್ಲಿ ಮಾತ್ರ ಹೊಡೆದದ್ದು 352. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬರೆದರೆ ಲೆಕ್ಕ ಕೆಡುತ್ತದೆ.

ಹುಟ್ಟಿದ್ದು 1874ರ ಜನವರಿ 20ರಂದು, ವೂಸ್ಟರ್‌ಶೈರಿನ ಕ್ರೇಡ್ಲಿಯಲ್ಲಿ. ತಂದೆ ಕಮ್ಮಾರಿಕೆಯವರು. ಕುಟುಂಬ ಡರ್ಬಿಗೆ ವಲಸೆ ಬಂದಾಗ ಸ್ಟೀವ್ ಇನ್ನೂ ಬಾಲಕ. ಮುಂದೆ ಅವರೂ ಸ್ವಲ್ಪ ಕಾಲ ಕುಲುಮೆಯ ಕೆಲಸ ಮಾಡಿದರು. 1892ರ ಸೆಪ್ಟೆಂಬರಿನಲ್ಲಿ ಸ್ಟೋಕ್ ವಿರುದ್ಧ ಡರ್ಬಿಗೆ ಮೊದಲ ಪಂದ್ಯ ಆಡಿದಾಗ ವಯಸ್ಸು 18. ಪ್ರೆಸ್ಟನ್ನಿನ ಅಜೇಯ ತಂಡದಿಂದ ಬಂದಿದ್ದ ಜಾನ್ ಗುಡಾಲ್ ಆಗ ಡರ್ಬಿಯಲ್ಲಿದ್ದರು. ಹುಡುಗನನ್ನು ತಿದ್ದಿದ್ದು ಅವರೇ. ಬ್ಲೂಮರ್ ಆಡುತ್ತಿದ್ದ ಜಾಗ ಇನ್‌ಸೈಡ್ ರೈಟ್, ಅಂದರೆ ಐವರ ಮುಂಚೂಣಿಯಲ್ಲಿ ನಡುವಿನವನ ಬಲಕ್ಕೆ. ಮೈ ತೆಳು, ಮುಖ ಬಿಳಿಚಿದ್ದು. ನೋಡಿದವರಿಗೆ ಕ್ರೀಡಾಳು ಎನಿಸುತ್ತಿರಲಿಲ್ಲ. ಆದರೆ ಕಾಲನ್ನು ಹಿಂದಕ್ಕೆಳೆಯದೆ, ಬಂದ ಚೆಂಡನ್ನು ಬಂದಂತೆಯೇ ನೆಲಮಟ್ಟದಲ್ಲಿ ಹೊಡೆಯುತ್ತಿದ್ದರು. ಎದುರಿನ ಗೋಲ್‌ಕೀಪರ್‌ಗೆ ಸಿದ್ಧನಾಗಲು ಸಮಯವೇ ಸಿಗುತ್ತಿರಲಿಲ್ಲ.

ಈ ಗೋಲುಗಳು ಯಾವ ನಿಯಮಗಳ ನಡುವೆ ಬಂದವು ಎಂಬುದನ್ನು ಟಿಪ್ಪಣಿಗಳಲ್ಲಿ ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಮುಖ್ಯ ವಿಷಯವೇ ಇದು. ಜೊತೆಗಾರ ಚೆಂಡು ಕೊಡುವ ಗಳಿಗೆಯಲ್ಲಿ ದಾಳಿಗಾರ ಎದುರಾಳಿಯ ಗೋಲಿನತ್ತ ತೀರಾ ಮುಂದೆ ನಿಂತಿದ್ದರೆ ಅದು ಆಫ್‌ಸೈಡ್ ಎಂಬ ತಪ್ಪು. ಈಗ ಅದನ್ನು ತಪ್ಪಿಸಿಕೊಳ್ಳಲು ದಾಳಿಗಾರನಿಗೂ ಗೋಲ್ ಗೆರೆಗೂ ನಡುವೆ ಇಬ್ಬರು ಎದುರಾಳಿಗಳಿದ್ದರೆ ಸಾಕು. 1925ರವರೆಗೆ ಮೂವರು ಬೇಕಿತ್ತು. ಒಬ್ಬ ಹಿಂಬದಿ ಆಟಗಾರ ಎರಡು ಹೆಜ್ಜೆ ಮುಂದೆ ಬಂದರೆ ಇಡೀ ಮುಂಚೂಣಿ ಬಲೆಗೆ ಬೀಳುತ್ತಿತ್ತು. ಇನ್ನೂ ವಿಚಿತ್ರವೆಂದರೆ, 1907ಕ್ಕೆ ಮುಂಚೆ ತನ್ನದೇ ಅರ್ಧ ಅಂಗಳದಲ್ಲಿದ್ದವನೂ ಆಫ್‌ಸೈಡ್ ಆಗಬಹುದಿತ್ತು. 1912ರವರೆಗೆ ಗೋಲ್‌ಕೀಪರ್ ತನ್ನ ಅರ್ಧದ ಎಲ್ಲೆಂದರಲ್ಲಿ ಚೆಂಡನ್ನು ಕೈಯಿಂದ ತಡೆಯಬಹುದಿತ್ತು. ಮೂವರ ಬದಲು ಇಬ್ಬರು ಎಂದಾದ ಒಂದೇ ವರ್ಷದಲ್ಲಿ ಲೀಗಿನ ಆಗಿನ ಅತಿ ಮೇಲಿನ ದರ್ಜೆಯಾದ ಪ್ರಥಮ ಡಿವಿಷನ್ನಿನ ಒಟ್ಟು ಗೋಲುಗಳು 1,192ರಿಂದ 1,703ಕ್ಕೆ ಏರಿದವು. ಮುಂದಿನ ತಲೆಮಾರಿನ ಗೋಲುಗಾರ ಡಿಕ್ಸಿ ಡೀನ್ ಒಂದೇ ಋತುವಿನಲ್ಲಿ 60 ಗೋಲು ಹೊಡೆದದ್ದು ಈ ಬದಲಾವಣೆಯ ನಂತರ, 1927–28ರಲ್ಲಿ. ಬ್ಲೂಮರ್ ಅವರ ಗೋಲುಗಳೆಲ್ಲವೂ ಅದಕ್ಕೂ ಮುಂಚಿನವು. ಹಾಗಿದ್ದೂ ಪ್ರಥಮ ಡಿವಿಷನ್ನಿನಲ್ಲಿ ಐದು ಋತುಗಳಲ್ಲಿ ಅತಿ ಹೆಚ್ಚು ಗೋಲು ಗಳಿಸಿದವರ ಸಾಲಿನ ತುದಿಯಲ್ಲಿದ್ದರು. ಅಲ್ಲಿನ ಸಾರ್ವಕಾಲಿಕ ಪಟ್ಟಿಯಲ್ಲಿ ಅವರ ಮುಂದಿರುವುದು ಜಿಮ್ಮಿ ಗ್ರೀವ್ಸ್ ಒಬ್ಬರೇ.

ಇಂಗ್ಲೆಂಡಿನ ಲೆಕ್ಕಕ್ಕೂ ಹಿನ್ನೆಲೆ ಬೇಕು. ಆಗ ವರ್ಷಕ್ಕೆ ಸಾಮಾನ್ಯವಾಗಿ ಮೂರೇ ಪಂದ್ಯ: ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್. 1895ರಲ್ಲಿ ಐರ್ಲೆಂಡ್ ವಿರುದ್ಧ ಡರ್ಬಿಯಲ್ಲೇ ನಡೆದ ಪದಾರ್ಪಣೆಯಲ್ಲಿ ಎರಡು ಗೋಲು ಬಂದವು. ಅಲ್ಲಿಂದ ಸತತ ಹತ್ತು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಗೋಲು ತಪ್ಪಲಿಲ್ಲ. 1896ರಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ ಐದು, 1901ರಲ್ಲಿ ಅದೇ ವೇಲ್ಸ್ ವಿರುದ್ಧ ನಾಲ್ಕು. ವೇಲ್ಸ್ ಆಗ ದುರ್ಬಲ ತಂಡವಾಗಿತ್ತಲ್ಲ ಎಂದು ಕೇಳುವವರಿಗೆ ಉತ್ತರವಿದೆ: ಬಲಿಷ್ಠ ಸ್ಕಾಟ್ಲೆಂಡ್ ವಿರುದ್ಧವೂ ಎಂಟು ಗೋಲುಗಳಿವೆ.

ಕ್ಲಬ್ಬಿನ ಕಪಾಟಿನಲ್ಲಿ ಮಾತ್ರ ದೊಡ್ಡ ಪ್ರಶಸ್ತಿಗಳಿಲ್ಲ. 1898ರ ಕಪ್ ಫೈನಲ್ಲಿನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು 3–1ರ ಸೋಲು. ಡರ್ಬಿಯ ಆ ಒಂದು ಗೋಲು ಬ್ಲೂಮರ್ ಅವರದೇ. ಮರುವರ್ಷ ಶೆಫೀಲ್ಡ್ ಯುನೈಟೆಡ್ ಎದುರು 4–1. 1903ರ ಫೈನಲ್ಲಿನಲ್ಲಿ ಬರಿ ಎಂಬ ಊರಿನ ತಂಡ 6–0ರಿಂದ ಬಡಿದಾಗ ಗಾಯಗೊಂಡಿದ್ದ ಅವರು ಆಡಲಿಲ್ಲ. 1906ರಲ್ಲಿ ಮಿಡಲ್ಸ್‌ಬರೊ ಸೇರಿ, 1910ರಲ್ಲಿ ಡರ್ಬಿಗೆ ಮರಳಿದರು. 1912ರಲ್ಲಿ ಡರ್ಬಿ ದ್ವಿತೀಯ ಡಿವಿಷನ್ ಗೆದ್ದಿತು. 1914ರ ಜನವರಿಯಲ್ಲಿ, 40ನೇ ವಯಸ್ಸಿನಲ್ಲಿ ಕೊನೆಯ ಪಂದ್ಯ. ನಡುವೆ ಡರ್ಬಿಯ ಬೇಸ್‌ಬಾಲ್ ತಂಡದಲ್ಲಿ ಬ್ರಿಟಿಷ್ ಚಾಂಪಿಯನ್ ಕೂಡ ಆಗಿದ್ದರು!

ಅದೇ 1914ರ ಜುಲೈನಲ್ಲಿ ಬರ್ಲಿನ್ನಿನ ಬ್ರಿಟಾನಿಯಾ ಕ್ಲಬ್ಬಿನ ತರಬೇತುದಾರನಾಗಿ ಹೋದರು. ವಾರಗಳಲ್ಲೇ ಮಹಾಯುದ್ಧ ಹೊತ್ತಿಕೊಂಡಿತು. ಬ್ರಿಟಿಷ್ ಪ್ರಜೆಯಾದ ಕಾರಣಕ್ಕೆ ಅವರನ್ನು ರೂಲೆಬೆನ್ ಶಿಬಿರದಲ್ಲಿ ಕೂಡಿಹಾಕಲಾಯಿತು. ಅದು ಹಳೆಯ ಕುದುರೆ ಪಂದ್ಯದ ಮೈದಾನ. ಕೈದಿಗಳಿಗೆ ಲಾಯಗಳೇ ವಸತಿ. ಇಂಗ್ಲೆಂಡಿಗೆ ಆಡಿದ್ದ ಫ್ರೆಡ್ ಪೆಂಟ್‌ಲೆಂಡ್, ಸ್ಕಾಟ್ಲೆಂಡಿನ ಜಾನ್ ಕ್ಯಾಮರಾನ್ ಮುಂತಾದವರೂ ಅಲ್ಲಿದ್ದರು. ಅವರೆಲ್ಲ ಸೇರಿ ಶಿಬಿರದೊಳಗೇ ಫುಟ್‌ಬಾಲ್ ಸಂಘ ಕಟ್ಟಿ ಲೀಗ್ ನಡೆಸಿದರು. ಬ್ಲೂಮರ್ ಅಲ್ಲಿ ಕ್ರಿಕೆಟ್ಟನ್ನೂ ಆಡಿದರು. 1918ರಲ್ಲಿ ಬಿಡುಗಡೆಯಾಗಿ ನೆದರ್ಲೆಂಡ್ಸ್‌ಗೆ ಹೋದರು.

1923ರಲ್ಲಿ ಸ್ಪೇನಿನ ಗಡಿಯೂರು ಇರೂನ್‌ನ ರಿಯಾಲ್ ಯೂನಿಯನ್ ಅವರನ್ನು ತರಬೇತಿಗೆ ಕರೆಯಿತು. 1924ರ ಕೋಪಾ ಡೆಲ್ ರೇ ಫೈನಲ್ಲಿನಲ್ಲಿ ಈ ಸಣ್ಣ ಊರಿನ ತಂಡ ರಿಯಾಲ್ ಮ್ಯಾಡ್ರಿಡನ್ನು 1–0ರಿಂದ ಸೋಲಿಸಿತು. ಆಟಗಾರನಾಗಿ ಕೈತಪ್ಪಿದ ರಾಷ್ಟ್ರೀಯ ಕಪ್ ಪರದೇಶದಲ್ಲಿ, ಗುರುವಾಗಿ, ದಕ್ಕಿತು. ಆಮೇಲೆ ಡರ್ಬಿಗೆ ಮರಳಿದರು. 1936ರಲ್ಲಿ ಬ್ಲೂಮರ್ ಅವರ 352ರ ದಾಖಲೆಯನ್ನು ಡಿಕ್ಸಿ ಡೀನ್ ದಾಟಿದರು. ಬ್ಲೂಮರ್ 1938ರ ಏಪ್ರಿಲ್ 16ರಂದು ತೀರಿಕೊಂಡರು.